ಪೀಲಮ್ಮನ ಜುಟ್ಟಿನ ಪಾಠ

ಹುಣಸೆಹಣ್ಣು ಬಡಿಯುವಾಗ ನನ್ನ ಬಾಯಿ ಸುಮ್ಮನಿರುವುದಿಲ್ಲ. ಇದೊಂದು ಚಟ. ಕೆಲವರಿಗೆ ಸ್ನಾನ ಮಾಡುವಾಗ ಹಾಡು ಬರುತ್ತದೆ, ಕೆಲವರಿಗೆ ಬಸ್ಸು ಹತ್ತಿದ ಕೂಡಲೇ ನಿದ್ದೆ ಬರುತ್ತದೆ, ನನಗೆ ಕೈಗೆ ಮರದ ಕೊಡತಿ ಬಂದರೆ ಸಾಕು, ‘ಪಾಹರೊ, ಸಾಬದೊ, ಪ್ಲಾತನೊ’ ಅಂತ ಶುರುವಾಗುತ್ತದೆ. ಮೊನ್ನೆ ವರ್ಷಕ್ಕಾಗುವಷ್ಟು ಹುಣಸೆಹಣ್ಣು ತರಿಸಿ, ಹಿತ್ತಲಲ್ಲಿ ಕಲ್ಲಿನ ಮುಂದೆ ಕೂತು ಬೀಜ ಬಿಡಿಸುತ್ತಿದ್ದೆ. ಪೇಪರ್ ಓದುತ್ತಿದ್ದ ನಮ್ಮ ಯಜಮಾನರು ಕನ್ನಡಕವನ್ನು ಹಣೆಗೇರಿಸಿ, “ಯಾರಿಗೆ ಬೈತಾ ಇದೀಯೆ? ನನಗೇನಾ?” ಅಂದರು. ಮದುವೆಯಾಗಿ ಇಷ್ಟು ವರ್ಷವಾದರೂ ಅವರಿಗೆ ಅದೇ ಅನುಮಾನ. ಇರಲಿ ಅಂತ ನಾನೂ ಬಿಡಿಸಿ ಹೇಳಿಲ್ಲ. ಹೆಂಡತಿಯ ಬಗ್ಗೆ ಒಂದಾದರೂ ಸಂಗತಿ ಗಂಡನಿಗೆ ಗೊತ್ತಿರಬಾರದು, ಆಗ ಸಂಸಾರ ರುಚಿಯಾಗಿರುತ್ತದೆ. ಆದರೆ ನಿಮಗೆ ಹೇಳುತ್ತೇನೆ. ನೀವೇನು ಹೋಗಿ ಅವರ ಕಿವಿ ಊದುವವರಲ್ಲವಲ್ಲ.

ಅದು ಬೈಗುಳವಲ್ಲ. ಹಕ್ಕಿ, ಶನಿವಾರ, ಬಾಳೆಹಣ್ಣು. ಸ್ಪೇನ್ ದೇಶದ ಭಾಷೆ. ಕಲಿತದ್ದು ಮಧುಗಿರಿ ಬೆಟ್ಟದ ಬುಡದಲ್ಲಿ, ನಮ್ಮಜ್ಜಿಯ ಮನೆಯ ಜಗಲಿಯ ಮೇಲೆ, ಎಪ್ಪತ್ತರ ದಶಕ ಮುಗಿಯುತ್ತಾ ಬಂದಿದ್ದ ಒಂದು ಬೇಸಿಗೆ ರಜದಲ್ಲಿ. ಹುಬ್ಬೇರಿಸಬೇಡಿ. ನಾನು ಆ ಭಾಷೆಯಲ್ಲಿ ಪಂಡಿತೆಯೇನಲ್ಲ. ಈಗ ಸ್ಪೇನಿಗೆ ಹೋದರೆ ಹಕ್ಕಿ ತೋರಿಸಿ ಹಕ್ಕಿ ಅನ್ನಬಲ್ಲೆ, ಬಾಳೆಹಣ್ಣು ಕೇಳಿ ತಿನ್ನಬಲ್ಲೆ, ಅದೂ ಶನಿವಾರದ ದಿನ. ಉಳಿದ ದಿನ ಉಪವಾಸ.

ನಮ್ಮದು ಹುಣಸೆಹಣ್ಣಿನ ಮನೆ. ತಾತನ ವ್ಯಾಪಾರವನ್ನು ಅವರು ತೀರಿಕೊಂಡ ಮೇಲೆ ಅಪ್ಪ ನಡೆಸುತ್ತಿದ್ದರು. ಬೇಸಿಗೆ ಬಂತೆಂದರೆ ಬಡವನಹಳ್ಳಿ, ಪುರವರ, ಪಾವಗಡದ ಕಡೆಯಿಂದೆಲ್ಲ ಗಾಡಿಗಟ್ಟಲೆ ಹುಣಸೆ ಬಂದು ಬೀಳುತ್ತಿತ್ತು. ಜಗಲಿಯ ತುಂಬ ಹೆಂಗಸರು ಸಾಲಾಗಿ ಕೂತು, ಕಲ್ಲಿನ ಮೇಲೆ ಹಣ್ಣಿಟ್ಟು ಕೊಡತಿಯಲ್ಲಿ ಬಡಿದು ಬೀಜ ತೆಗೆಯುತ್ತಿದ್ದರು. ಮನೆಯಿಡೀ ಹುಳಿ ವಾಸನೆ. ನಮ್ಮ ಬಟ್ಟೆ, ಪುಸ್ತಕ, ತಲೆಗೂದಲು ಎಲ್ಲಕ್ಕೂ ಅದೇ ವಾಸನೆ ಅಂಟಿಕೊಂಡು, ಸ್ಕೂಲಿನಲ್ಲಿ ಮೇಷ್ಟ್ರು ನನ್ನ ಹತ್ತಿರ ಬಂದಾಗಲೆಲ್ಲ ಉಗುಳು ನುಂಗುತ್ತಿದ್ದರು. ಅವರಿಗೆ ನನ್ನ ಮೇಲೆ ಸಿಟ್ಟು ಅಂತ ನಾನು ಬಹಳ ದಿನ ತಿಳಿದುಕೊಂಡಿದ್ದೆ.

ಆ ಮನೆಗೆ ಒಡತಿ ನಮ್ಮಜ್ಜಿ. ಅಜ್ಜಿಯ ಕೊನೆಯ ಮಗಳು, ಅಂದರೆ ಅಪ್ಪನ ತಂಗಿ, ಗಂಗತ್ತೆ. ಆಗ ಅವಳಿಗೆ ಹತ್ತೊಂಬತ್ತೋ ಇಪ್ಪತ್ತೋ. ನನಗೂ ನನ್ನ ಚಿಕ್ಕಪ್ಪನ ಮಗ ಪುಟ್ಟನಿಗೂ ಅತ್ತೆ ಅನ್ನುವುದಕ್ಕಿಂತ ಗೆಳತಿ. ಎಸ್ಸೆಸ್ಸೆಲ್ಸಿ ಪಾಸು ಮಾಡಿ ಮನೆಯಲ್ಲಿ ಕೂತಿದ್ದಳು. ಅವಳಿಗೆ ಇದ್ದದ್ದು ಒಂದೇ ಆಸೆ, ಮೇಷ್ಟ್ರಾಗಬೇಕು. ಅದಕ್ಕೆ ಆಗ ಟಿ.ಸಿ.ಎಚ್. ಅಂತ ಎರಡು ವರ್ಷ ಓದಬೇಕಿತ್ತು. ಅಪ್ಪನ ಕೈಕಾಲು ಹಿಡಿದು ಅರ್ಜಿ ಹಾಕಿಸಿ, ತುಮಕೂರಿನಲ್ಲಿ ಸೀಟೂ ಸಿಕ್ಕಿಬಿಟ್ಟಿತ್ತು. ರಜ ಮುಗಿಯುವ ಹೊತ್ತಿಗೆ ಹೋಗಿ ಸೇರಬೇಕು. ಆದರೆ ಅಜ್ಜಿ ಬಿಲ್‌ಕುಲ್ ಒಪ್ಪಲಿಲ್ಲ.

“ಹತ್ತನೇ ಕ್ಲಾಸು ಓದ್ಸಿದ್ದೇ ಹೆಚ್ಚಾತು. ತುಮಕೂರಿನ ಹಾಸ್ಟಲ್‌ನಾಗೆ ಬೆಳೆದ ಹುಡ್ಗೀನ ಬುಟ್ಟು ನಾನಿಲ್ಲಿ ಹೆಂಗೆ ಕಣ್ಣು ಮುಚ್ಲಿ? ಒಂದು ಗಂಡು ನೋಡಿ ಕಟ್ಬುಡ್ತೀನಿ. ಆಮೇಲೆ ಅವಳುಂಟು, ಅವಳ ಗಂಡ ಉಂಟು,” ಅಂದಳು.

ಗಂಗತ್ತೆ ಮೂಟೆಗಳ ಹಿಂದೆ ಕೂತು ಅತ್ತಳು. ಅಜ್ಜಿ ಗಂಡು ಹುಡುಕಿದಳು. ಮೊದಲು ಕೊರಟಗೆರೆಯಿಂದ ಒಂದು ಗಂಡು ಬಂತು. ಹುಡುಗ ಗಂಗತ್ತೆಯ ಭುಜಕ್ಕೆ ಬರುತ್ತಿದ್ದ. ಉಪ್ಪಿಟ್ಟನ್ನು ಎರಡು ಸಲ ಹಾಕಿಸಿಕೊಂಡು ತಿಂದು ಹೋಗಿ, ‘ಹುಡುಗಿ ಸ್ವಲ್ಪ ಉದ್ದ ಆಯಿತು’ ಅಂತ ಹೇಳಿ ಕಳಿಸಿದರು. “ಇನ್ನೊಂದು ತಟ್ಟೆ ತಿಂದಿದ್ರೆ ಅವನೇ ಬೆಳೀತಿದ್ನೋ ಏನೋ, ನಾವು ಅವಸರ ಮಾಡಿದ್ವಿ,” ಅಂತ ಅಪ್ಪ ಅಂದದ್ದಕ್ಕೆ ಅಜ್ಜಿ ಅವರ ಜೊತೆ ಒಂದು ವಾರ ಮಾತು ಬಿಟ್ಟಳು.

ಇಂಥ ಹೊತ್ತಿನಲ್ಲಿ ನಮ್ಮ ಮನೆಗೆ ಸ್ಪೇನ್ ದೇಶ ಬಂದು ಬಿತ್ತು. ಬಿತ್ತು ಅಂದರೆ ನಿಜವಾಗಿಯೂ ಬಿದ್ದದ್ದೇ.

ಮಧುಗಿರಿ ಬೆಟ್ಟ ಅಂದರೆ ಒಂದೇ ಬಂಡೆ. ನಮ್ಮ ಊರಿನವರು ಅದನ್ನು ಹತ್ತುವುದಾದರೆ ಕತ್ತಲಿರುವಾಗ ಎದ್ದು ಹತ್ತಿ, ಬಿಸಿಲೇರುವ ಮೊದಲು ಇಳಿದುಬಿಡುತ್ತಾರೆ. ಅಸಲು ನಮ್ಮ ಊರಿನವರು ಹತ್ತುವುದೇ ಇಲ್ಲ, ನೆಂಟರು ಬಂದರೆ ಕೆಳಗಿನಿಂದ ಕೈತೋರಿಸುತ್ತಾರೆ. ಆ ದಿನ ಚೈತ್ರದ ಉರಿಬಿಸಿಲಲ್ಲಿ, ಮಟಮಟ ಮಧ್ಯಾಹ್ನ, ಮೂವರು ಬಿಳಿಯರು ಬಂಡೆ ಹತ್ತಿದರಂತೆ. ಇಳಿಯುವಾಗ ಅವರಲ್ಲೊಬ್ಬಳು ಕಾಲು ಜಾರಿ, ಕೂತಲ್ಲೇ ಸರ್ರನೆ ಒಂದಷ್ಟು ದೂರ ಬಂದು, ಪಾದದ ಮೇಲಿನ ಮೂಳೆ ಮುರಿದುಕೊಂಡಳು. ಮಂಚದ ಮೇಲೆ ಹೊತ್ತುಕೊಂಡು ಬಂದವರಿಗೆ ಮೊದಲು ಸಿಕ್ಕ ನೆರಳು ನಮ್ಮ ಜಗಲಿ.

ಹೆಸರು ಪಿಲಾರ್. ಅಜ್ಜಿಯ ಬಾಯಲ್ಲಿ ಅದು ಒಂದು ಗಳಿಗೆಯಲ್ಲಿ ಪೀಲಮ್ಮ ಆಯಿತು. ಪುರವರದ ಕಡೆಯಿಂದ ಮೂಳೆ ಕಟ್ಟುವ ಹನುಮಂತಜ್ಜ ಬಂದು, ಎಂಥದೋ ಸೊಪ್ಪು ಅರೆದು, ಇನ್ನು ಮೊಟ್ಟೆಯ ಲೋಳೆ ತನ್ನಿ ಅಂದ. ಅಲ್ಲಿ ಶುರುವಾಯಿತು ರಾಮಾಯಣ. ನಾವು ಲಿಂಗವಂತರು, ಮೊಟ್ಟೆ ನಮ್ಮ ಹೊಸ್ತಿಲು ದಾಟುವಂತಿಲ್ಲ. ಪೀಲಮ್ಮನ ಕಾಲು ನೋಡಿದರೆ ಅಯ್ಯೋ ಅನ್ನಿಸುತ್ತದೆ. ಅಜ್ಜಿ ಸ್ವಲ್ಪ ಯೋಚಿಸಿ ತೀರ್ಪು ಕೊಟ್ಟಳು. ಮೊಟ್ಟೆ ಜಗಲಿಯಲ್ಲೇ ಹಚ್ಚಲಿ, ಹಚ್ಚಿದ ಕಾಲು ಒಳಗೆ ಬರುವುದು ಬೇಡ, ಜಗಲಿಗೆ ಬಾಗಿಲಿರುವ ಹುಣಸೆ ಕೋಣೆಯಲ್ಲಿ ಮಲಗಲಿ. ಕೋಣೆ ಮನೆಯದೇ, ಆದರೆ ಮನೆಯೊಳಗಲ್ಲ. ದೇವರಿಗೂ ಬೇಜಾರಿಲ್ಲ, ಹನುಮಂತಜ್ಜನಿಗೂ ಬೇಜಾರಿಲ್ಲ. ಬಿದಿರಿನ ದಬ್ಬೆ ಕಟ್ಟಿ, “ನಾನು ಬಂದು ಬಿಚ್ಚೋಗಂಟ ಈ ಕಾಲು ನೆಲ ಮುಟ್ಟಬಾರ್ದು ಕಣಮ್ಮ,” ಅಂತ ಹೇಳಿ ಅವನು ಹೋದ. ಜೊತೆಗಿದ್ದ ಇಬ್ಬರು ಅವಳೇ ಹೇಳಿದ ಮೇಲೆ ತಮ್ಮ ದಾರಿ ಹಿಡಿದು ಹೋದರು.

ಅವಳು ತನ್ನ ದೇಶದಲ್ಲಿ ಚಿಕ್ಕ ಮಕ್ಕಳಿಗೆ ಪಾಠ ಹೇಳುವವಳು. ಅರೆಬರೆ ಇಂಗ್ಲಿಷ್ ಬರುತ್ತಿತ್ತು, ಗಂಗತ್ತೆಗೂ ಎಸ್ಸೆಸ್ಸೆಲ್ಸಿಯಷ್ಟು ಇಂಗ್ಲಿಷ್ ಬರುತ್ತಿತ್ತು. ಎರಡು ಅರೆ ಸೇರಿ ಒಂದಾಗಿ ಮಾತು ನಡೆಯಿತು. ಮಂಚದ ಮೇಲೆ ಬಿದ್ದುಕೊಂಡು ಎಷ್ಟು ದಿನ ಅಂತ ಜಂತೆ ಎಣಿಸುತ್ತಾಳೆ? ಹಗಲು ಹೊತ್ತು ಅವಳ ಮಂಚವನ್ನು ಜಗಲಿಗೆ ತಂದಿಡುತ್ತಿದ್ದರು. ಒಂದು ಬೆಳಿಗ್ಗೆ ಪುಟ್ಟನ ಸ್ಲೇಟು ಇಸಿದುಕೊಂಡು, ಎದುರಿನ ಬೇವಿನ ಮರ ತೋರಿಸಿ, ಏನೋ ಬರೆದು ‘ಆರ್ಬೊಲ್’ ಅಂದಳು. ಇಂಗ್ಲಿಷಿನ ಎಬಿಸಿಡಿಯೇ. ಆದರೆ ಮೊದಲನೆಯ ‘ಎ’ ತಲೆಯ ಮೇಲೆ ಓರೆಯಾಗಿ ಒಂದು ಸಣ್ಣ ಗೆರೆ.

“ಇದೇನೇ, ಈ ಅಕ್ಷರಕ್ಕೆ ಜುಟ್ಟು!” ಅಂದ ಪುಟ್ಟ.

ಅಲ್ಲಿಂದ ಅದರ ಹೆಸರು ಜುಟ್ಟು. ಯಾವ ಪದಕ್ಕೆ ಜುಟ್ಟು ಬಿಡಬೇಕು, ಯಾವುದನ್ನು ಬೋಳು ಬಿಡಬೇಕು ಅನ್ನುವುದೇ ಆ ಬೇಸಿಗೆಯ ಪಾಠ. ಗಂಗತ್ತೆ ಕೇಳಿ ಕೇಳಿ ತಿಳಿದುಕೊಂಡು ನಮಗೆ ಕನ್ನಡದಲ್ಲಿ ಹೇಳುತ್ತಿದ್ದಳು. ಅವರ ಭಾಷೆಯಲ್ಲಿ ಪ್ರತಿ ಪದದಲ್ಲೂ ಒಂದು ಕಡೆ ಒತ್ತಿ ಹೇಳಬೇಕು. ಎಲ್ಲಿ ಒತ್ತಬೇಕು ಅನ್ನುವುದಕ್ಕೆ ಕಾನೂನಿದೆ. ಸ್ವರದಲ್ಲೋ, ‘ನ್’ ಅಥವಾ ‘ಸ್’ನಲ್ಲೋ ಮುಗಿದರೆ ಕೊನೆಯ ಅಕ್ಷರಕ್ಕೆ ಹಿಂದಿನದನ್ನು ಒತ್ತಬೇಕು, ಬೇರೆಯದರಲ್ಲಿ ಮುಗಿದರೆ ಕೊನೆಯದನ್ನೇ ಒತ್ತಬೇಕು. ಕಾನೂನಿನಂತೆ ನಡೆಯುವ ಸಾಧು ಪದಕ್ಕೆ ಜುಟ್ಟು ಬೇಡ. ಕಾನೂನು ಮುರಿದ ಪದವನ್ನು ಮಾತ್ರ ಜುಟ್ಟು ಹಿಡಿದು ನಿಲ್ಲಿಸಬೇಕು. ಕೊನೆಯಿಂದ ಮೂರನೆಯದರ ಮೇಲೆ ಒತ್ತು ಬೀಳುವ ಪದಗಳಂತೂ ಪೂರ್ತಿ ಪುಂಡ ಪೋಕರಿಗಳು, ಅವಕ್ಕೆ ಯಾವಾಗಲೂ ಜುಟ್ಟು. ನನಗೂ ಪುಟ್ಟನಿಗೂ ಈ ಕೊನೆಯ ಗುಂಪಿನ ಮೇಲೆ ವಿಶೇಷ ಪ್ರೀತಿ ಹುಟ್ಟಿತು. ಒತ್ತು ಕೊನೆಯದರ ಮೇಲಿದ್ದರೆ ಆ ಗುಂಪಿನ ಹೆಸರು ಅಗೂದ, ಅದರ ಹಿಂದಿನದರ ಮೇಲಿದ್ದರೆ ಯಾನ, ನಮ್ಮ ಪೋಕರಿಗಳು ಎಸ್ದ್ರೂಹುಲ. ಯಾವಾಗಲೂ ಅನ್ನುವುದಕ್ಕೆ ಸಿಯೆಂಪ್ರೆ.

ಆಲೂಗಡ್ಡೆಗೂ ಅಪ್ಪನಿಗೂ ಅವರಲ್ಲಿ ಅಕ್ಷರ ಒಂದೇ. ಜುಟ್ಟಿದ್ದರೆ ಅಪ್ಪ, ಇಲ್ಲದಿದ್ದರೆ ಆಲೂಗಡ್ಡೆ. ನಮ್ಮಪ್ಪನಿಗೆ ಮೂವತ್ತಕ್ಕೇ ತಲೆ ನುಣ್ಣಗಾಗಿತ್ತು. ಆ ಬೇಸಿಗೆಯಿಡೀ ನಾವು ಅವರನ್ನು ಬೆನ್ನ ಹಿಂದೆ ಏನೆಂದು ಕರೆದೆವು ಅಂತ ನಾನು ಬೇರೆ ಹೇಳಬೇಕಾಗಿಲ್ಲ.

ಕಾನೂನು ಬಾಯಿಪಾಠವಾಯಿತು, ಸರಿ. ಆದರೆ ಒತ್ತುವುದು ಅಂದರೇನು ಅಂತಲೇ ನಮಗೆ ತಿಳಿಯಲಿಲ್ಲ. ನಾವು ಕಾಗುಣಿತ ಕೂಗಿ ಬೆಳೆದ ಮಕ್ಕಳು. ನಮ್ಮಲ್ಲಿ ಎಲ್ಲ ಅಕ್ಷರಕ್ಕೂ ಸರಿಸಮ ಮರ್ಯಾದೆ. ಪೀಲಮ್ಮ ‘ಪಾಹರೊ’ ಅಂದರೆ ನಾವು ಮೂರನ್ನೂ ಒಂದೇ ಸಮ ಕಿರುಚುತ್ತಿದ್ದೆವು. ಅವಳು ಮೊದಲನೆಯದನ್ನು ಒತ್ತಿ ಅಂದರೆ ನಾವು ಅದನ್ನು ಬಡವನಹಳ್ಳಿಯವರೆಗೂ ಎಳೆಯುತ್ತಿದ್ದೆವು. ಅವಳು ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡಳು. ಕಾಲಿನ ನೋವಿಗೆ ಅವಳು ಅಷ್ಟು ನರಳಿರಲಿಲ್ಲ.

ಗಂಗತ್ತೆ ನೋಡುವಷ್ಟು ನೋಡಿ, ಒಂದು ಕೊಡತಿ ತೆಗೆದುಕೊಂಡು ಹುಣಸೆ ಬಡಿಯುವ ಕಲ್ಲಿನ ಮುಂದೆ ಕೂತಳು. “ಬಾರೋ ಪುಟ್ಟ. ಹುಣಸೆ ಬಡಿಯುವಾಗ ಎಲ್ಲಾ ಕಡೆ ಒಂದೇ ಸಮ ಗುದ್ದುತ್ತಾರೇನೋ? ಬೀಜ ಎಲ್ಲಿದೆ ಅಂತ ನೋಡಿ ಅಲ್ಲಿಗೊಂದು ಪೆಟ್ಟು. ಉಳಿದ ಕಡೆ ಸುಮ್ಮನೆ ತಟ್ಟೋದು. ಎಲ್ಲಿ, ಬಡಿ,” ಅಂದಳು. ಪಾ ಅನ್ನುವಾಗ ಧಡ್, ಹರೊ ಅನ್ನುವಾಗ ತಟ್ ತಟ್. ಪುಟ್ಟ ಬಡಿದ. ನಾನು ಬಡಿದೆ. ಬಂತು! ಬೀಜ ಹಾರಿ ಪೀಲಮ್ಮನ ಮಂಚಕ್ಕೆ ಬಿತ್ತು. ಅವಳು ಗಂಗತ್ತೆಯನ್ನು ಎಳೆದು ತಬ್ಬಿಕೊಂಡು, ತನ್ನ ಭಾಷೆಯಲ್ಲಿ ಏನೇನೋ ಹೇಳಿದಳು. ಅಲ್ಲಿಂದ ಪಾಠ ಹೇಳುವವಳು ಗಂಗತ್ತೆಯೇ. ಪೀಲಮ್ಮ ಮಲಗಿದಲ್ಲಿಂದ ತಪ್ಪು ಹಿಡಿಯುತ್ತಿದ್ದಳು, ಸರಿ ಬಂದರೆ ‘ಬ್ಯೆನ್, ಮುಯ್ ಬ್ಯೆನ್’ ಅನ್ನುತ್ತಿದ್ದಳು.

ಓಣಿಯ ಮಕ್ಕಳೆಲ್ಲ ಬಂದರು. ಹುಣಸೆ ಬಡಿಯುವ ಹೆಂಗಸರೂ ಸೇರಿಕೊಂಡರು. ಪಾವಗಡದ ಕಡೆಯ ನರಸಕ್ಕ ಎರಡು ದಿನ ಕಿವಿಗೊಟ್ಟು ಕೇಳಿ, “ಅಮ್ಮಾ, ಇದಿ ಮನ ತೆಲುಗೇ ಕದಮ್ಮಾ! ಯಾವ ಮಾತು ತಗಂಡ್ರೂ ‘ಓ’ ಅಂತಲೋ ‘ಆ’ ಅಂತಲೋ ಮುಗೀತದೆ. ಯಾರೋ ನಮ್ಮೋರೇ ಹೋಗಿ ಕಲ್ಸಿರ್ಬೇಕು,” ಅಂತ ತೀರ್ಮಾನಿಸಿದಳು. ಆ ವರ್ಷ ಕೆಲಸ ಬೇಗ ಬೇಗ ಸಾಗಿತು. ಅಜ್ಜಿಗೆ ಅದೇ ಸಂತೋಷ. ಒಳಗೆ ಕೂತು ಮಜ್ಜಿಗೆ ಕಡೆಯುತ್ತಾ, “ಮಾಡಿ ಮಾಡಿ ಜುಟ್ಟಿನ ಪಾಠ. ಇದ್ರಿಂದ ಹೊಟ್ಟೆ ತುಂಬ್ತದಾ?” ಅಂತ ನಗುತ್ತಿದ್ದಳು. ಗಂಡು ಹುಡುಕುವುದನ್ನು ಮಾತ್ರ ಬಿಟ್ಟಿರಲಿಲ್ಲ.

ಗಂಡು ಸಿಕ್ಕಿತು. ಸಿರಾದವರು, ಕಡಲೆಕಾಯಿ ಎಣ್ಣೆಯ ಮಿಲ್ಲಿನವರು. ಹುಡುಗ ಗಂಗತ್ತೆಗಿಂತ ಎತ್ತರ ಅಂತ ಅಜ್ಜಿ ಮೊದಲೇ ಖಾತ್ರಿ ಮಾಡಿಕೊಂಡಿದ್ದಳು. ಸೋಮವಾರ ನೋಡಲು ಬರುತ್ತಾರೆ, ಒಪ್ಪಿದರೆ ಹುಡುಗನ ತಾಯಿ ಅಲ್ಲೇ ಹೂ ಮುಡಿಸುತ್ತಾರೆ. ಹೂ ಮುಡಿಸಿದರೆ ಮುಗಿಯಿತು, ತುಮಕೂರು ಕನಸಿನಲ್ಲೂ ಇಲ್ಲ.

ಗಂಗತ್ತೆ ಈ ಸಲ ಅಳಲಿಲ್ಲ. ನಮ್ಮಿಬ್ಬರನ್ನೂ ಮೂಟೆಯ ಹಿಂದೆ ಕರೆದು, “ಹಾಡು ಅಂತ ಕೇಳೇ ಕೇಳ್ತಾರೆ. ಜುಟ್ಟಿನ ಪಾಠ ಹಾಡಿಬಿಡೋಣ. ಹುಡುಗಿಗೆ ತಲೆ ಕೆಟ್ಟಿದೆ ಅಂತ ಎದ್ದು ಓಡಬೇಕು. ಏನಂತೀರಿ?” ಅಂದಳು. ನಾವೇನನ್ನುತ್ತೇವೆ? ನಮ್ಮ ಜೀವಮಾನದಲ್ಲಿ ದೊಡ್ಡವರೊಬ್ಬರು ನಮಗಿಂತ ಒಳ್ಳೆಯ ಕಿತಾಪತಿ ಹೇಳಿಕೊಟ್ಟದ್ದು ಅದೇ ಮೊದಲು. ಪುಟ್ಟ ಎರಡು ಹಗಲು ಅಭ್ಯಾಸ ಮಾಡಿದ.

ಸೋಮವಾರ ಅಜ್ಜಿ ಪೀಲಮ್ಮನ ಕೋಣೆಯ ಬಾಗಿಲು ಮುಂದೆ ಮಾಡಿ, ತುಟಿಯ ಮೇಲೆ ಬೆರಳಿಟ್ಟು, ಸದ್ದು ಮಾಡಬೇಡ ಅಂತ ಸನ್ನೆ ಮಾಡಿದಳು. ಮೊಟ್ಟೆ ಕಾಲಿನ ವಿಷಯ ಬೀಗರಿಗೆ ಗೊತ್ತಾಗುವುದು ಬೇಡ. ಆ ಕೋಣೆಗೂ ಒಳಗಿನ ದೇವರ ಮನೆಗೂ ನಡುವೆ ಒಂದೇ ಗೋಡೆ, ಗೋಡೆಯ ಮೇಲೊಂದು ಗಾಳಿಕಿಂಡಿ. ಇದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಬಂದವರು ಮೂವರು. ಹುಡುಗನ ತಾಯಿ, ಕೈಯಲ್ಲಿ ಬಾಳೆಲೆಯಲ್ಲಿ ಸುತ್ತಿದ ಮಲ್ಲಿಗೆ. ಹುಡುಗನ ಸೋದರಮಾವ, ಜರಿ ಪೇಟ, ಹಣೆಯ ತುಂಬ ವಿಭೂತಿ. ಈ ಮಾವ ಒಂದು ಸಲ ಕಾಶಿಗೆ ಹೋಗಿ ಬಂದಿದ್ದರು. ಅದಾದ ಮೇಲೆ ಕಾಶಿಯನ್ನು ಬಿಟ್ಟು ಬೇರೆ ಮಾತಾಡಿದ್ದೇ ಇಲ್ಲವಂತೆ. ನೀರು ಕೊಟ್ಟರೆ ಗಂಗೆಯ ಮಾತು, ಬೋಂಡ ಕೊಟ್ಟರೆ ಕಾಶಿಯ ಕಚೋರಿಯ ಮಾತು. ಇನ್ನು ಹುಡುಗ. ಒಳ್ಳೆಯ ಹುಡುಗನೇ ಇರಬೇಕು. ಬಂದಾಗಿನಿಂದ ಹೋಗುವವರೆಗೆ ಅವನು ಆಡಿದ ಮಾತು ಒಂದೇ, “ಚಟ್ನಿ.”

ಉಪ್ಪಿಟ್ಟು, ಕೇಸರಿಬಾತು, ಬೋಂಡ ಎಲ್ಲ ಆದ ಮೇಲೆ ಗಂಗತ್ತೆ ಬಂದು ಚಾಪೆಯ ಮೇಲೆ ಕೂತಳು. ಹುಡುಗನ ತಾಯಿ, “ಒಂದು ಹಾಡು ಹೇಳವ್ವ,” ಅಂದರು. ಗಂಗತ್ತೆ ತಲೆ ತಗ್ಗಿಸಿಕೊಂಡೇ, “ಮಕ್ಕಳ ಜೊತೆ ಹೇಳ್ತೀನಿ,” ಅಂದಳು. ನಾವಿಬ್ಬರೂ ಕಾದಿದ್ದವರಂತೆ ನುಗ್ಗಿ ಅವಳ ಅಕ್ಕಪಕ್ಕ ಕೂತೆವು. ಅವಳು ಕಣ್ಣು ಮುಚ್ಚಿ ರಾಗ ಎತ್ತಿದಳು. ನಮ್ಮೋಣಿಯ ಮಠದಲ್ಲಿ ಸೋಮವಾರದ ಭಜನೆಗೆ ಹಾಡುವ ಧಾಟಿ.

“ಅಗೂದಾ... ಯಾನಾ... ಎಸ್ದ್ರೂಹುಲಾ...”

“ಸಿಯೆಂಪ್ರೆ, ಸಿಯೆಂಪ್ರೆ,” ಅಂತ ನಾವು ತೊಡೆ ತಟ್ಟಿದೆವು.

“ಪಾಹರೋ... ಪ್ಲಾತನೋ... ಮೂಸಿಕಾ...”

“ಸಿಯೆಂಪ್ರೆ, ಸಿಯೆಂಪ್ರೆ!”

ನಾನು ಒಂದು ಕಣ್ಣು ಬಿಟ್ಟು ನೋಡಿದೆ. ಈಗ ಏಳುತ್ತಾರೆ, ಈಗ ಓಡುತ್ತಾರೆ ಅಂತ ಕಾಯುತ್ತಿದ್ದೆ. ಹುಡುಗನ ತಾಯಿ ಬಾಯಿ ತೆರೆದುಕೊಂಡು ಕೂತಿದ್ದರು. ಸೋದರಮಾವ ಮೆಲ್ಲಗೆ ಪೇಟ ತೆಗೆದು ಪಕ್ಕಕ್ಕಿಟ್ಟು, ಎರಡೂ ಕೈ ಜೋಡಿಸಿದರು.

“ಅಹಾಹಾ! ಇದು ಕಾಶಿ ಕಡೇದು. ಗಂಗೆ ದಂಡೆ ಮೇಲೆ ಕೂತು ಕಿವಿಯಾರ ಕೇಳಿದೀನಿ. ಬಿಲ್‌ಕುಲ್ ಇದೇ ಸ್ತೋತ್ರ. ಈ ಸೀಮೆಯಾಗೆ ಕೇಳ್ತೀನಿ ಅಂತ ಅನ್ಕಂಡೇ ಇರ್ಲಿಲ್ಲ!” ಅಂದರು.

ಅಷ್ಟರಲ್ಲಿ ಪುಟ್ಟ ಗಾಬರಿಯಾಗಿ ‘ಸಾಬದೊ’ದ ಪೆಟ್ಟನ್ನು ನಡುವೆ ಹಾಕಿಬಿಟ್ಟ. ಇನ್ಯಾರಾದರೂ ಆಗಿದ್ದರೆ ಸುಮ್ಮನೆ ಮುಂದೆ ಹೋಗುತ್ತಿದ್ದರು. ಗಂಗತ್ತೆಗೆ ಆಗಲಿಲ್ಲ. ತಾನು ಹೆಣ್ಣು ನೋಡುವ ಚಾಪೆಯ ಮೇಲೆ ಕೂತಿದ್ದೇನೆ, ಎದುರಿಗೆ ಗಂಡಿನವರಿದ್ದಾರೆ ಅನ್ನುವುದು ಅವಳಿಗೆ ಮರೆತೇ ಹೋಯಿತು. ಹಾಡು ನಿಲ್ಲಿಸಿ, ಅವನ ಕಡೆ ತಿರುಗಿ, ಅವನ ಪುಟ್ಟ ಅಂಗೈಯನ್ನು ತನ್ನ ಅಂಗೈಯಲ್ಲಿ ಇಟ್ಟುಕೊಂಡು, ಬೆರಳಿನಿಂದ ಮೆಲ್ಲಗೆ ತಟ್ಟಿ ತೋರಿಸಿದಳು. ಮೊದಲಲ್ಲಿ ಗಟ್ಟಿ, ಆಮೇಲೆ ಹಗುರ. ಅವನು ಮತ್ತೆ ತಪ್ಪಿದ. ಅವಳು ನಕ್ಕು ಮತ್ತೆ ತಟ್ಟಿದಳು. ಎಲ್ಲರೂ ಕಾದರು. ಮೂರನೇ ಸಲಕ್ಕೆ ಅವನು “ಸಾಬದೊ!” ಅಂತ ಸರಿಯಾಗಿ ಕೂಗಿದ.

“ಬ್ಯೆನ್! ಮುಯ್ ಬ್ಯೆನ್!” ಅಂತ ದೇವರ ಮನೆಯೊಳಗಿಂದ ದನಿ ಕೇಳಿಸಿತು.

ಯಾರೂ ಇಲ್ಲದ ದೇವರ ಮನೆ. ದೀಪ ಒಂದೇ ಉರಿಯುತ್ತಿತ್ತು. ಸೋದರಮಾವ ಕೂತಲ್ಲಿಂದಲೇ ಅಡ್ಡಬಿದ್ದರು. ಹುಡುಗ ಚಟ್ನಿಯ ಬಟ್ಟಲು ಕೆಳಗಿಟ್ಟ. ಅಪ್ಪ ಹೆಗಲ ಮೇಲಿನ ಟವೆಲನ್ನು ಬಾಯಿಗೆ ತುರುಕಿಕೊಂಡು ಹಿತ್ತಲಿಗೆ ಹೋದರು.

ಹುಡುಗನ ತಾಯಿಯ ಕಣ್ಣಲ್ಲಿ ನೀರು ಬಂದಿತ್ತು. ಬಾಳೆಲೆ ಬಿಚ್ಚುತ್ತಾ ಅಜ್ಜಿಗೆ, “ಗೌರಮ್ನೋರೆ, ನಿಮ್ಮ ಮಗಳೇ ನಮ್ಮನೆ ಸೊಸೆ. ಇನ್ನೇನೂ ಕೇಳಾಂಗಿಲ್ಲ. ನಮ್ಮನೇಲಿ ಇವಳು ಕೆಲ್ಸ ಮಾಡ್ಬೇಕಾಗಿಲ್ಲ, ಹೊಸ್ತಿಲು ದಾಟ್ಬೇಕಾಗಿಲ್ಲ. ದೇವ್ರ ಮನೇಲಿ ಕೂತು ದಿನಾ ಇದನ್ನ ಹೇಳ್ಕಂಡಿದ್ರೆ ಸಾಕು. ಈ ಹುಡುಗ್ರು ಪಡುಗ್ರು ಎಲ್ಲ ಬ್ಯಾಡ, ಒಬ್ಳೇ ಹೇಳ್ಕಂತಾಳೆ. ಬಾರವ್ವ, ಹೂ ಮುಡೀ ಬಾ,” ಅಂದರು.

ಗಂಗತ್ತೆಯ ಮುಖ ಸುಣ್ಣದಂತೆ ಬೆಳ್ಳಗಾಯಿತು. ನಮ್ಮ ಕಿತಾಪತಿ ನಮಗೇ ತಿರುಗಿಬಿದ್ದಿತ್ತು. ಪುಟ್ಟನ ಕೈ ಇನ್ನೂ ಅವಳ ಕೈಯಲ್ಲೇ ಇತ್ತು, ಅವಳು ಅದನ್ನು ಬಿಡಲಿಲ್ಲ. ಮಲ್ಲಿಗೆ ದಂಡೆ ಹಿಡಿದ ಕೈ ಅವಳ ಜಡೆಯ ಹತ್ತಿರಕ್ಕೆ ಬಂತು.

“ಒಸಿ ತಡೀರಿ,” ಅಂದಳು ಅಜ್ಜಿ.

ಅಜ್ಜಿ ಅಷ್ಟು ಹೊತ್ತೂ ಅಡುಗೆಮನೆಯ ಬಾಗಿಲಲ್ಲಿ ನಿಂತು, ಕಣ್ಣು ಮಿಟುಕಿಸದೆ ಮಗಳನ್ನೇ ನೋಡುತ್ತಿದ್ದಳು. ಈಗ ಮುಂದೆ ಬಂದು, ಎದೆಯ ಮೇಲಿನ ಲಿಂಗದ ಕರಡಿಗೆಯನ್ನು ಒಂದು ಸಲ ಮುಟ್ಟಿಕೊಂಡಳು. ಸುಳ್ಳು ಹೇಳಿದ್ದಕ್ಕೆ ಪುಟ್ಟನನ್ನು ಅದೇ ಬೆಳಿಗ್ಗೆ ಹೊಡೆದಿದ್ದ ಕೈ ಅದು.

“ಹೂ ಮುಡ್ಸಂಗಿಲ್ಲ ಕಣಮ್ಮ. ಅದು ಬರೀ ಸ್ತೋತ್ರ ಅಲ್ಲ, ವ್ರತ. ಹಿಡಿದೋರು ಎರಡು ವರ್ಷ ಮದ್ವೆ ಮಾತಾಡಂಗಿಲ್ಲ. ಮಧ್ಯದಾಗೆ ಬುಟ್ರೆ ಹಿಡಿದೋರ್ಗೂ ಕೇಡು, ಬುಡ್ಸಿದೋರ್ಗೂ ಕೇಡು. ದೇವ್ರು ಬ್ಯಾರೆ ಒಳಗಿಂದ ಒಪ್ಗೆ ಕೊಟ್ಟೈತೆ, ನೀವೇ ಕೇಳುದ್ರಲ್ಲ?”

ಹುಡುಗನ ತಾಯಿಯ ಕೈ ಅಲ್ಲೇ ನಿಂತಿತು. ಇಂಥ ವ್ರತ ಯಾರೂ ಕೇಳಿಲ್ಲವಲ್ಲ ಅಂತ ತಮ್ಮನ ಮುಖ ನೋಡಿದರು. ಅಜ್ಜಿಯೂ ಅವರ ಕಡೆಗೇ ತಿರುಗಿ, “ಕಾಶಿಗೆ ಹೋಗ್ಬಂದೋರು ನೀವು. ನಿಮಗೆ ಗೊತ್ತಿಲ್ದೆ ಇರ್ತದಾ?” ಅಂದಳು.

ಸೋದರಮಾವ ಪೇಟ ಎತ್ತಿ ತಲೆಗಿಟ್ಟುಕೊಂಡು, ಗಂಟಲು ಸರಿಮಾಡಿಕೊಂಡು, “ಹೌದೌದು. ಬಿಲ್‌ಕುಲ್. ಕಾಶಿಯಾಗೂ ಅಂಗೇ. ಬಲು ಕಟ್ಟುನಿಟ್ಟು,” ಅಂದರು.

“ಮನೇಲೇ ಮಾಡ್ಬೇಕಾ ಈ ವ್ರತ?” ಅಂತ ಹುಡುಗನ ತಾಯಿ ಕೇಳಿದರು.

“ಇಲ್ಲ,” ಅಂದಳು ಅಜ್ಜಿ. “ತುಮಕೂರಿನಾಗೆ ಮಾಡ್ಬೇಕು.”

ಅವರು ಮಲ್ಲಿಗೆಯನ್ನು ದೇವರಿಗಿಟ್ಟು, ಕೈಮುಗಿದು ಹೋದರು. ಸೋದರಮಾವ ಬಾಗಿಲಲ್ಲಿ ಗಂಗತ್ತೆಗೂ ನಮಸ್ಕಾರ ಮಾಡಿದರು. ಸಿರಾದಲ್ಲಿ ಆ ವ್ರತದ ಬಗ್ಗೆ ಅವರು ಇನ್ನೂ ಏನೇನು ಸೇರಿಸಿ ಹೇಳಿದರೋ ಶಿವನೇ ಬಲ್ಲ.

ಬಾಗಿಲು ಹಾಕಿದ ಮೇಲೆ ಗಂಗತ್ತೆ ಹೋಗಿ ಅಜ್ಜಿಯ ಕಾಲಿನ ಮೇಲೆ ಬಿದ್ದಳು. ನಕ್ಕಳೋ ಅತ್ತಳೋ, ಬೆನ್ನು ಮಾತ್ರ ಅಲುಗುತ್ತಿತ್ತು. ಅಜ್ಜಿ ಅವಳನ್ನು ಎಬ್ಬಿಸಲಿಲ್ಲ. ಗೋಡೆಗೊರಗಿ ಕೂತು, ತನ್ನ ಬಲಗೈಯ ಬೆರಳುಗಳನ್ನು ಬಿಡಿಸಿ ನೋಡಿಕೊಂಡಳು.

“ನನ್ನೂ ಒಂದ್ಸಲ ಮಠಕ್ಕೆ ಓದಕ್ಕೆ ಕಳ್ಸಿದ್ರು ಕಣೇ. ‘ಕ’ ಬರೀವಾಗ ತಿರುವು ತಪ್ಪೋಯ್ತು. ಐನೋರು ಬೆರಳ ಸಂದಿಗೆ ಬಳಪ ಇಟ್ಟು ಅಮುಕಿದ್ರು. ಎದ್ದು ಬಂದ್ಬುಟ್ಟೆ, ಮತ್ತೆ ಹೋಗ್ಲೇ ಇಲ್ಲ. ಇವತ್ತು ಆ ಪುಟ್ಟ ಅಷ್ಟು ಜನದ ಮುಂದೆ ತಪ್ಪಿದ್ನಲ್ಲ, ನೀನು ಹೆಂಗೆ ಕೈ ಹಿಡ್ಕಂಡು ತಿದ್ದಿದೆ... ಅಂಗೆ ನನ್ ಕೈಯ ಒಬ್ರೂ ಹಿಡೀಲಿಲ್ಲ.”

ಗಂಗತ್ತೆ ತಲೆಯೆತ್ತಿದಳು. ಅಜ್ಜಿ ಸೆರಗಿನಲ್ಲಿ ಮೂಗೊರೆಸಿಕೊಂಡು, ಮಾಮೂಲಿನ ದನಿಗೆ ಬಂದಳು.

“ಏಳೇ, ಸಾಕು. ಅಟ್ಟದ ಮೇಲಿಂದ ಟ್ರಂಕು ಇಳ್ಸು. ಲಿಂಗ ಮುಟ್ಕಂಡು ಸುಳ್ಳು ಹೇಳ್ಬುಟ್ಟಿದೀನಿ. ನೀನು ಓದಿ ಮೇಷ್ಟ್ರಾಗ್ಲಿಲ್ಲ ಅಂದ್ರೆ, ಅದು ಸುಳ್ಳಾಗೇ ಉಳ್ಕಂತದೆ.”